ಬಿಸಿ ಗಾಜಿನ ಮುಂದೆ ಇಬ್ಬರು

ಗಾಜನ್ನು ಒಬ್ಬರೇ ಊದಬಹುದು. ಊದಿದ ಪಾತ್ರೆಯನ್ನು ಒಬ್ಬರೇ ಮುಗಿಸುವುದು ಮಾತ್ರ ತುಂಬ ಕಷ್ಟ. ಕುಲುಮೆಯಿಂದ ಹೊರಬಂದ ಗಾಜಿನ ಮುದ್ದೆ ಕೊಳವೆಯ ತುದಿಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿರುತ್ತದೆ. ತಿರುಗಿಸುವುದು ನಿಂತ ಕೂಡಲೇ ಜೋತುಬೀಳುತ್ತದೆ. ಹಾಗಾಗಿ ಒಂದು ಕೈ ಯಾವಾಗಲೂ ಕೊಳವೆಗೇ ಮೀಸಲು. ಇನ್ನೊಂದು ಕೈಯಲ್ಲಿ ಇಕ್ಕಳ ಹಿಡಿದು ಆಕಾರ ಕೊಡಬೇಕು. ಅದೇ ಹೊತ್ತಿಗೆ ಕೊಳವೆಯ ಆ ತುದಿಯಲ್ಲಿ ಊದುವವರು ಯಾರು? ಗೂಡಿನ ಬಾಗಿಲು ತೆಗೆಯುವವರು ಯಾರು? ಹಿಡಿಕೆ ಅಂಟಿಸಲು ಮತ್ತೊಂದು ಬಿಸಿ ತುಣುಕು ತಂದು ಕೊಡುವವರು ಯಾರು? ಈ ಕೆಲಸವೇ ಎರಡನೆಯ ಜೊತೆ ಕೈಗಳನ್ನು ಕೇಳುತ್ತದೆ. ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಗಾಜಿನ ಸ್ಟುಡಿಯೊಗಳು ಹುಟ್ಟಿಕೊಳ್ಳಲು ಮೊದಲ ಕಾರಣ ಇದೇ.

ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಇಬ್ಬರು ಹೀಗೊಂದು ಸ್ಟುಡಿಯೊ ಕಟ್ಟುವ ಮನಸ್ಸು ಮಾಡಿದರೆ ಒಳಗೆ ನಡೆಯುವುದೇನು, ಬೇಕಾಗುವುದೇನು, ಎಡವುವುದು ಎಲ್ಲಿ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಕೈಚಳಕ ಕಲಿಯಬಹುದು. ಬೆಂಕಿಯ ಲೆಕ್ಕ ತಪ್ಪಿದರೆ ಮಾತ್ರ ಎಂಥ ಕಲಾವಿದರ ಸ್ಟುಡಿಯೊ ಕೂಡ ಮುಚ್ಚುತ್ತದೆ. ಅದಕ್ಕೇ ಬೆಂಕಿಯ ಬಗ್ಗೆ ಹೆಚ್ಚು ಬರೆದಿದ್ದೇನೆ.

ಮೊದಲು ಒಂದು ತಪ್ಪು ಭಾವನೆ ಹೋಗಬೇಕು. ಗಾಜು ನಮ್ಮ ಸೀಮೆಯದಲ್ಲ, ಬಳೆ ಬರುವುದು ಫಿರೋಜಾಬಾದಿನಿಂದ, ಕಿಟಕಿ ಗಾಜು ಬರುವುದು ಹೈದರಾಬಾದಿನಿಂದ ಎಂದು ನಾವು ಅಂದುಕೊಂಡಿದ್ದೇವೆ. ನಮ್ಮದೇ ಮಸ್ಕಿಯ ಮಣ್ಣು ಬೇರೆಯೇ ಹೇಳುತ್ತದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಶೋಕನ ಶಾಸನ ಕಂಡ ಊರು ಅದು. 1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬಿ.ಕೆ. ಥಾಪರ್ ಅಲ್ಲಿ ಅಗೆತ ನಡೆಸಿದರು. ಮಸ್ಕಿಯಲ್ಲಿ ಸಿಕ್ಕ ಹಳೆಯ ಮಣಿಗಳಲ್ಲಿ ಗಾಜಿನವೂ ಇದ್ದವು. ಭಾರತದ ಗಾಜಿನ ಚರಿತ್ರೆ ಬರೆಯುವವರು ದಖ್ಖನಿನ ಮಾತು ಬಂದಾಗ ಮಸ್ಕಿಯ ಹೆಸರನ್ನು ಬಿಡುವುದಿಲ್ಲ. ಇನ್ನು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜನ್ನೇ ಕರಗಿಸಿ ಮಾಡುತ್ತಿದ್ದರು. 1800–1801ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಕುಲುಮೆ, ಗಾಜು ಕರಗಿಸುವ ಮೂಸೆ, ಬಣ್ಣಗಳನ್ನು ಕೂತು ನೋಡಿ ಬರೆದಿಟ್ಟಿದ್ದಾನೆ. ಪಕ್ಕದ ಆಂಧ್ರದಲ್ಲಿ ತಿರುಪತಿ ಹತ್ತಿರದ ಪಾಪಾನಾಯುಡುಪೇಟೆಯ ಮಣಿಗಾರರು ಕಬ್ಬಿಣದ ಉದ್ದ ಕೊಳವೆಗೆ ಗಾಜಿನ ದೊಡ್ಡ ಮುದ್ದೆ ಅಂಟಿಸಿ, ಅದರಿಂದ ಟೊಳ್ಳು ಎಳೆಯನ್ನು ಬರಿಗೈಯಲ್ಲಿ ಎಳೆಯುವ ವಿದ್ಯೆಯನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದರು. ಒಳಗೊಬ್ಬರು ಮುದ್ದೆ ನೋಡಿಕೊಳ್ಳಬೇಕು, ಹೊರಗೊಬ್ಬರು ಎಳೆಯಬೇಕು. ಅಲ್ಲಿಯೂ ಒಂಟಿ ಕೈಗೆ ಕೆಲಸವಿಲ್ಲ.

ಇವೆಲ್ಲ ಮಣಿ ಮತ್ತು ಬಳೆಯ ಕಸುಬು. ಕೊಳವೆಯಿಂದ ಊದಿ ಪಾತ್ರೆ ಮಾಡುವ ವಿದ್ಯೆ ಕ್ರಿ.ಪೂ. 1ನೇ ಶತಮಾನದಲ್ಲಿ ಸಿರಿಯಾ–ಪ್ಯಾಲೆಸ್ಟೈನ್ ಕರಾವಳಿಯಲ್ಲಿ ಹುಟ್ಟಿದ್ದು. ಮುಂದೆ ಎರಡು ಸಾವಿರ ವರ್ಷ ಅದು ಕಾರ್ಖಾನೆಯ ಗುಟ್ಟಾಗಿಯೇ ಉಳಿಯಿತು. ವೆನಿಸ್ ಸರ್ಕಾರ 1291ರಲ್ಲಿ ಗಾಜುಗಾರರನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿತು. ಇಬ್ಬರೇ ನಡೆಸಬಹುದಾದ ಪುಟ್ಟ ಕುಲುಮೆಯ ಕಲ್ಪನೆ ಬೇರೂರಿದ್ದು 1962ರಲ್ಲಿ. ಅಮೆರಿಕದ ಹಾರ್ವಿ ಲಿಟಲ್ಟನ್ ಟೊಲೆಡೊ ಕಲಾ ಸಂಗ್ರಹಾಲಯದ ಆವರಣದಲ್ಲಿ ಸಣ್ಣ ಕುಲುಮೆ ಹಾಕಿ ಶಿಬಿರ ನಡೆಸಿದ. ಮೊದಲ ಸಲ ಕರಗಿಸಿದ ಗಾಜು ಕೈಗೆ ಬಗ್ಗಲಿಲ್ಲ. ಡೊಮಿನಿಕ್ ಲಬೀನೊ ಎಂಬ ಗಾಜು ವಿಜ್ಞಾನಿ ಗಾಜಿನ ನಾರು ತಯಾರಿಸಲು ಬಳಸುವ ಗೋಲಿಗಳನ್ನು ಕರಗಿಸಲು ಕೊಟ್ಟ. ಅವು ಕಡಿಮೆ ಬಿಸಿಗೆ ಕರಗಿದವು, ಊದಲಿಕ್ಕೂ ಬಂದವು. ಇವತ್ತಿನ ಎಲ್ಲ ಮನೆಮಟ್ಟದ ಗಾಜಿನ ಸ್ಟುಡಿಯೊಗಳ ಮೂಲ ಅಲ್ಲಿದೆ.

ಗಾಜಿನ ಮೈ ಅಂದರೆ ಬೆಣಚುಕಲ್ಲು. ಕತ್ತಲಲ್ಲಿ ಒಂದಕ್ಕೊಂದು ಉಜ್ಜಿ ಕಿಡಿ ನೋಡುತ್ತಿದ್ದೆವಲ್ಲ, ಅದೇ. ರಸಾಯನಶಾಸ್ತ್ರದಲ್ಲಿ ಸಿಲಿಕಾ. ಅದೊಂದನ್ನೇ ಕರಗಿಸಲು 1,700 ಡಿಗ್ರಿ ಬೇಕು, ಅದು ಸಣ್ಣ ಕುಲುಮೆಯ ಕೈಗೆ ಎಟುಕದ ಬಿಸಿ. ಸೋಡಾ ಬೂದಿ ಬೆರೆಸಿದರೆ 1,400ರ ಆಸುಪಾಸಿಗೆ ಇಳಿಯುತ್ತದೆ. ಬರೀ ಸೋಡಾ ಹಾಕಿದ ಗಾಜು ನೀರಿನಲ್ಲಿ ಕರಗಿ ಹೋಗುತ್ತದಾದ್ದರಿಂದ ಅದನ್ನು ಬಿಗಿಯಲು ಸುಣ್ಣ ಬೇಕು. ನೂರರಲ್ಲಿ 70–75 ಪಾಲು ಸಿಲಿಕಾ, 12–16 ಪಾಲು ಸೋಡಾ, ಹತ್ತರ ಹತ್ತಿರ ಸುಣ್ಣ. ಮನೆಯ ಲೋಟ, ಬಾಟಲಿ, ಕಿಟಕಿ ಗಾಜು ಎಲ್ಲವೂ ಹೆಚ್ಚುಕಡಿಮೆ ಇದೇ.

ಹಾಗಾದರೆ ನಮ್ಮ ಎರಡು ಹೊಳೆಗಳ ನಡುವಿನ ನಾಡಿನಲ್ಲಿ ಕಚ್ಚಾವಸ್ತುವಿಗೆ ಬರವೇ ಎಂಬ ಪ್ರಶ್ನೆ ಏಳುತ್ತದೆ. ಹಟ್ಟಿಯ ಚಿನ್ನ ಅಡಗಿರುವುದು ಬೆಣಚುಕಲ್ಲಿನ ಪಟ್ಟಿಗಳಲ್ಲೇ. ಕೃಷ್ಣೆ, ತುಂಗಭದ್ರೆಯ ಮರಳಿದೆ. ಆದರೆ ಹೊಳೆಯ ಮರಳಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಗಾಜನ್ನು ಹಸಿರು ಮಾಡುತ್ತದೆ. ಕಿಟಕಿ ಗಾಜನ್ನು ಎದುರಿನಿಂದ ನೋಡಿದರೆ ಬಣ್ಣವಿಲ್ಲ, ಅಂಚಿನಿಂದ ನೋಡಿ, ಹಸಿರು ಕಾಣುತ್ತದೆ. ಅಷ್ಟು ಶುದ್ಧ ಮಾಡಿದ ಮರಳಿನಲ್ಲೂ ಉಳಿದ ಕಬ್ಬಿಣದ ಗುರುತು ಅದು. ಸೋಡಾದ್ದೂ ಇದೇ ಕಥೆ. ಹಿಂದಿನ ಗಾಜುಗಾರರು ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಮೂಡುವ ಸೌಳನ್ನು ಕೆರೆದು ತಂದು ಬಳಸುತ್ತಿದ್ದರು. ಮಾನ್ವಿ, ಸಿಂಧನೂರಿನ ಕಾಲುವೆ ಕೆಳಗಿನ ರೈತರಿಗೆ ಸೌಳು ಅಂದರೆ ಹೊಲ ಕೆಡಿಸುವ ಕಾಟ, ಅದರಲ್ಲಿ ಯಾವ ಉಪ್ಪು ಎಷ್ಟಿದೆ ಎಂಬುದು ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಬಳೆಗೆ ನಡೆಯುವ ಗಾಜು ತೆಳ್ಳಗೆ ಊದುವ ಹೂಜಿಗೆ ನಡೆಯುವುದಿಲ್ಲ. ಮಾನ್ವಿಯ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವ ಹೊಟ್ಟನ್ನು ಸುಟ್ಟರೆ ಬರುವ ಬೂದಿಯ ಬಹುಪಾಲು ಸಿಲಿಕಾ. ಅದರಿಂದ ಗಾಜು ಮಾಡುವ ಪ್ರಯೋಗವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ. ಸ್ಟುಡಿಯೊ ಹೂಡುವ ದಂಪತಿ ಮಾತ್ರ ಮೊದಲ ವರ್ಷಗಳಲ್ಲಿ ಆ ಸಾಹಸಕ್ಕೆ ಕೈ ಹಾಕದೆ, ಕೈಗೆಲಸಕ್ಕೆಂದೇ ತಯಾರಾದ ಗಾಜಿನ ಗಟ್ಟಿಗಳನ್ನು ಕೊಂಡು ಕರಗಿಸುವುದು ಒಳ್ಳೆಯದು.

ಹಳೆಯ ಬಾಟಲಿ ಕರಗಿಸಿದರೆ ಆಗದೇ ಎಂದು ಕೇಳುವವರು ಬಹಳ. ಕರಗುತ್ತದೆ, ಊದಲೂ ಬರುತ್ತದೆ. ಆದರೆ ಬಾಟಲಿ ಗಾಜು ಯಂತ್ರದ ವೇಗಕ್ಕೆ ಹೊಂದಿಸಿದ್ದು, ಬೇಗ ಸೆಟೆದುಕೊಳ್ಳುತ್ತದೆ. ಕೈಗೆಲಸದ ಗಾಜಿನಷ್ಟು ಸಮಯ ಕೊಡುವುದಿಲ್ಲ. ಕಲಿಯುವವರ ಕೈಗೆ ಇದು ದೊಡ್ಡ ತೊಡಕು. ಇನ್ನೊಂದು ಎಚ್ಚರ: ಎರಡು ಬಗೆಯ ಗಾಜನ್ನು ಎಂದೂ ಬೆರೆಸಬಾರದು. ಬಿಸಿಯಲ್ಲಿ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಎರಡಕ್ಕೂ ಬೇರೆಯಾಗಿದ್ದರೆ ಪಾತ್ರೆ ಇವತ್ತು ನಿಂತರೂ ನಾಳೆ ತಾನಾಗಿ ಸೀಳುತ್ತದೆ. ಬಣ್ಣದ ಗಾಜಿನ ಕಡ್ಡಿ, ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ 96 ಅಥವಾ 104 ಎಂಬ ಸಂಖ್ಯೆ ಇರುತ್ತದೆ. ಅದೇ ಹಿಗ್ಗುವಿಕೆಯ ಗುರುತು. ಮೂಸೆಯ ಗಾಜಿನ ಸಂಖ್ಯೆ, ಬಣ್ಣದ ಸಂಖ್ಯೆ ಒಂದೇ ಇರಬೇಕು.

ಈಗ ಬೆಂಕಿ. ಊದುವ ಸ್ಟುಡಿಯೊದಲ್ಲಿ ಮೂರು ಬೆಂಕಿ ಇರುತ್ತವೆ. ಒಂದು, ಮೂಸೆ ಇಟ್ಟ ಕುಲುಮೆ. ರಾತ್ರಿ ಹೆಚ್ಚು ಬಿಸಿಯಲ್ಲಿ ಗಾಜು ಕರಗಿ ಒಳಗಿನ ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುತ್ತವೆ. ಬೆಳಗಿನ ಹೊತ್ತಿಗೆ 1,100 ಡಿಗ್ರಿಗೆ ಇಳಿಸಿ ಕೆಲಸ ಶುರು. ಎರಡು, ಮರುಕಾಯಿಸುವ ಗೂಡು. ಕೆಲಸದ ನಡುವೆ ಸೆಟೆದ ಗಾಜನ್ನು ಮತ್ತೆ ಮತ್ತೆ ಒಳಗಿಟ್ಟು ಮೆತ್ತಗೆ ಮಾಡುವ ಉರುಳೆಯಾಕಾರದ ಗೂಡು ಇದು, ಸುಮಾರು 1,200 ಡಿಗ್ರಿ. ಗ್ಯಾಸ್ ಹೆಚ್ಚು ಕುಡಿಯುವುದು ಇದೇ. ಮೂರು, ಮುಗಿದ ಪಾತ್ರೆಯನ್ನು ನಿಧಾನವಾಗಿ ತಣಿಸುವ ವಿದ್ಯುತ್ ಗೂಡು, ಸುಮಾರು 500 ಡಿಗ್ರಿ.

ಕೊನೆಯ ಎರಡನ್ನು ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಬಹುದು. ಮೊದಲನೆಯದನ್ನು ಆರಿಸುವ ಹಾಗಿಲ್ಲ. ಮೂಸೆಯಲ್ಲಿ ಗಾಜು ಇದ್ದಂತೆಯೇ ಕುಲುಮೆ ತಣ್ಣಗಾದರೆ ಗಾಜು, ಮೂಸೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಮೂಸೆ ಸೀಳಿಬಿಡುತ್ತದೆ. ಹೀಗಾಗಿ ಹಬ್ಬವಿರಲಿ, ಜಾತ್ರೆಯಿರಲಿ, ಗಿರಾಕಿ ಇರಲಿ ಇಲ್ಲದಿರಲಿ, ಕುಲುಮೆ ಹಗಲು ರಾತ್ರಿ ಉರಿಯುತ್ತಿರಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ ಸರಾಸರಿ 5 ಯೂನಿಟ್ ತಿನ್ನುವ ಪುಟ್ಟ ವಿದ್ಯುತ್ ಕುಲುಮೆ ಎಂದು ಹಿಡಿದರೆ ದಿನಕ್ಕೆ 120 ಯೂನಿಟ್, ತಿಂಗಳಿಗೆ 3,600 ಯೂನಿಟ್. ತಿಂಗಳಲ್ಲಿ 10 ದಿನ ಕೆಲಸ ಮಾಡಿದರೂ ಇಷ್ಟೇ, 25 ದಿನ ಮಾಡಿದರೂ ಇಷ್ಟೇ. ಜೆಸ್ಕಾಂ ಬಿಲ್ಲನ್ನು ಪಾತ್ರೆಗಳ ಸಂಖ್ಯೆಯಿಂದ ಭಾಗಿಸಿದಾಗ ಗೊತ್ತಾಗುತ್ತದೆ, ಗಾಜಿನ ಪಾತ್ರೆಯ ಬೆಲೆಯಲ್ಲಿ ಗಾಜಿನ ಪಾಲು ಎಷ್ಟು ಸಣ್ಣದು, ಬೆಂಕಿಯ ಪಾಲು ಎಷ್ಟು ದೊಡ್ಡದು ಎಂದು. ಮೂರು ಫೇಸ್ ಸಂಪರ್ಕ ಬೇಕು. ಕರೆಂಟು ಹೋದರೆ ಕುಲುಮೆಯನ್ನು ಹಿಡಿದಿಡುವಷ್ಟು ಶಕ್ತಿಯ ಜನರೇಟರ್ ಮೊದಲ ದಿನದಿಂದಲೇ ಬೇಕು. ಕುಲುಮೆಗೆ ಖರ್ಚು ಮಾಡಿ ಜನರೇಟರ್ ಆಮೇಲೆ ನೋಡೋಣ ಎನ್ನುವುದು ಮೂಸೆಯನ್ನು ಕೈಯಾರೆ ಒಡೆದ ಹಾಗೆ.

ರಾತ್ರಿ ಒಬ್ಬರಾದರೂ ಎದ್ದು ಕುಲುಮೆ ನೋಡಬೇಕು. ಸಂಜೆ ಗಾಜು ತುಂಬಿಸಬೇಕು, ಅದು ಇಳಿದ ಮೇಲೆ ಮತ್ತೆ ತುಂಬಿಸಬೇಕು. ಸಂಬಳದ ಆಳು ಇಟ್ಟು ಇದನ್ನು ನಡೆಸುವುದು ಸಣ್ಣ ಸ್ಟುಡಿಯೊಗೆ ಆಗದ ಮಾತು. ಮನೆ ಮತ್ತು ಸ್ಟುಡಿಯೊ ಒಂದೇ ಆವರಣದಲ್ಲಿದ್ದು, ಇಬ್ಬರು ಸರದಿ ಹಾಕಿಕೊಂಡರೆ ನಡೆಯುತ್ತದೆ. ರಾಯಚೂರು ನಗರದ ಒಳಗಿನ ಓಣಿಯಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ಪಟ್ಟಣದ ಹೊರಗೆ, ಎತ್ತರದ ಶೀಟಿನ ಮಾಡು, ಎರಡು ಬದಿ ತೆರೆದ ಗೋಡೆ, ಮೇಲೆ ಬಿಸಿಗಾಳಿ ಹೋಗುವ ಕಿಂಡಿ ಇರುವ ಶೆಡ್ ಬೇಕು.

ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಒಂದು ಸಾದಾ ಹೂಜಿ ಅಂದುಕೊಳ್ಳಿ. ಬೆಂಚಿನ ಮೇಲೆ ಕೂರುವವರು ಹೆಂಡತಿ, ಜೊತೆಗೆ ನಿಲ್ಲುವವರು ಗಂಡ ಎಂದಿರಲಿ.

ಆಕೆ ನಾಲ್ಕೂವರೆ ಅಡಿ ಉದ್ದದ ಉಕ್ಕಿನ ಊದುಗೊಳವೆಯ ತುದಿಯನ್ನು ಮೊದಲು ಕೆಂಪಗೆ ಕಾಯಿಸುತ್ತಾರೆ. ತಣ್ಣನೆಯ ಕಬ್ಬಿಣಕ್ಕೆ ಗಾಜು ಅಂಟುವುದಿಲ್ಲ. ಕುಲುಮೆಯ ಬಾಯಿ ತೆರೆದು, ಕೊಳವೆಯ ತುದಿಯನ್ನು ಗಾಜಿನ ಮೇಲ್ಮೈಗೆ ತಾಗಿಸಿ ತಿರುವುತ್ತಾರೆ. ಆ ಬಿಸಿಯಲ್ಲಿ ಗಾಜು ಎರಡೆಳೆ ಬಂದ ಬೆಲ್ಲದ ಪಾಕದ ಹಾಗಿರುತ್ತದೆ, ತಿರುವಿದಷ್ಟೂ ಸುತ್ತಿಕೊಳ್ಳುತ್ತದೆ. ಮುದ್ದೆಯನ್ನು ಹೊರಗೆ ತಂದು ದಪ್ಪ ಉಕ್ಕಿನ ಹಲಗೆಯ ಮೇಲೆ ಉರುಳಿಸುತ್ತಾರೆ. ಹಲಗೆ ತಾಗಿದ ಮೈ ಸ್ವಲ್ಪ ತಣಿದು ಚರ್ಮ ಕಟ್ಟುತ್ತದೆ, ಒಳಗೆ ಇನ್ನೂ ದ್ರವ. ಈಗ ಕೊಳವೆಯೊಳಗೆ ಸಣ್ಣದೊಂದು ಉಸಿರು ತಳ್ಳಿ, ಕೂಡಲೇ ಹೆಬ್ಬೆರಳಿನಿಂದ ಕೊಳವೆಯ ಬಾಯಿ ಮುಚ್ಚುತ್ತಾರೆ. ಒಳಗೆ ಸಿಕ್ಕಿಬಿದ್ದ ಗಾಳಿ ಬಿಸಿಗೆ ತಾನೇ ಹಿಗ್ಗುತ್ತದೆ, ಒಂದೆರಡು ಕ್ಷಣದಲ್ಲಿ ಮುದ್ದೆಯ ನಡುವೆ ಗುಳ್ಳೆ ಕಾಣಿಸುತ್ತದೆ. ಕೆನ್ನೆ ಉಬ್ಬಿಸಿ ಊದುವುದು ಸಿನಿಮಾದ ಚಿತ್ರ. ನಿಜವಾದ ಕೆಲಸದಲ್ಲಿ ಬೇಕಾಗುವುದು ಪುಟ್ಟ ಉಸಿರು ಮತ್ತು ಹೆಬ್ಬೆರಳು.

ಗುಳ್ಳೆಯ ಮೇಲೆ ಇನ್ನೊಂದು ಸುತ್ತು ಗಾಜು ಹತ್ತಿಸಿಕೊಂಡು ಬೆಂಚಿಗೆ ಬರುತ್ತಾರೆ. ಬೆಂಚಿನ ಎರಡು ತೋಳುಗಳ ಮೇಲೆ ಕೊಳವೆ ಅಡ್ಡ ಮಲಗಿರುತ್ತದೆ. ಎಡ ಅಂಗೈ ಅದನ್ನು ಹಿಂದಕ್ಕೆ ಮುಂದಕ್ಕೆ ಉರುಳಿಸುತ್ತಲೇ ಇರುತ್ತದೆ. ಬಲಗೈಯಲ್ಲಿ ನೆನೆಸಿದ ದಪ್ಪ ಸುದ್ದಿಪತ್ರಿಕೆಯ ಮಡಿಕೆ. ಹೌದು, ಒದ್ದೆ ಪೇಪರಿನಿಂದಲೇ ಬಿಸಿ ಗಾಜನ್ನು ತೀಡುತ್ತಾರೆ. ನಡುವೆ ಏಳುವ ಹಬೆಯೇ ಕೈಯನ್ನು ಕಾಯುತ್ತದೆ. ಈಗ ಗಂಡ ಕೊಳವೆಯ ಇನ್ನೊಂದು ತುದಿಯಲ್ಲಿ ಮಂಡಿಯೂರಿ ಬಾಯಿಟ್ಟು ಕಾಯುತ್ತಾರೆ. "ಊದ್ರಿ" ಎಂದಾಗ ಊದಬೇಕು, "ನಿಂದ್ರಿ" ಎಂದಾಗ ನಿಲ್ಲಬೇಕು. ಗಾಜು ಎಲ್ಲಿ ಹಿಗ್ಗುತ್ತಿದೆ ಎಂದು ಕಾಣುವುದು ಆಕೆಗೆ ಮಾತ್ರ. ಊದುವವರು ತಮ್ಮ ಅಂದಾಜಿನ ಮೇಲೆ ಒಂದು ಉಸಿರು ಹೆಚ್ಚು ಬಿಟ್ಟರೂ ಹೂಜಿಯ ಹೊಟ್ಟೆ ಒಂದು ಕಡೆ ತೆಳ್ಳಗಾಗಿ ಕೆಡುತ್ತದೆ.

ಹೊಟ್ಟೆ ಬಂದ ಮೇಲೆ ಜ್ಯಾಕ್ಸ್ ಎಂಬ ದೊಡ್ಡ ಇಕ್ಕಳದಿಂದ ಕೊಳವೆಯ ಹತ್ತಿರ ಕುತ್ತಿಗೆ ಹಿಸುಕಿ ಕಿರಿದು ಮಾಡುತ್ತಾರೆ. ಇಡೀ ಕೆಲಸದಲ್ಲಿ ಗಂಟಲು ಒಣಗುವ ಘಳಿಗೆ ಇನ್ನು ಬರುವುದು. ಇಲ್ಲಿಯವರೆಗೆ ಹೂಜಿಯ ಬಾಯಿ ಕೊಳವೆಗೆ ಅಂಟಿದೆ, ಆದ್ದರಿಂದ ಬಾಯಿಯ ಕೆಲಸ ಮಾಡಲು ಆಗದು. ಗಂಡ ಪಂಟಿ ಎಂಬ ಗಟ್ಟಿ ಕಂಬಿಯ ತುದಿಗೆ ಸಣ್ಣ ಚೂರು ಬಿಸಿ ಗಾಜು ಹತ್ತಿಸಿ ತಂದು ಹೂಜಿಯ ತಳದ ನಟ್ಟನಡುವೆ ಇಡಬೇಕು. ಚೂರು ತೀರ ಬಿಸಿಯಿದ್ದರೆ ಬಿಡಿಸುವಾಗ ತಳವನ್ನೇ ಕಿತ್ತುಕೊಂಡು ಬರುತ್ತದೆ, ತೀರ ತಣಿದಿದ್ದರೆ ಹೂಜಿ ನೆಲಕ್ಕೆ ಬೀಳುತ್ತದೆ. ಕೂದಲೆಳೆ ಅಂತರ. ಆಕೆ ಕುತ್ತಿಗೆಯ ಗೀರಿನ ಮೇಲೆ ಒಂದು ತೊಟ್ಟು ನೀರು ಬಿಟ್ಟು ಕೊಳವೆಗೆ ಮೆಲ್ಲಗೆ ತಟ್ಟುತ್ತಾರೆ. ಟಿಕ್ ಎಂದು ಕುತ್ತಿಗೆ ಬಿಡುತ್ತದೆ, ಹೂಜಿ ಈಗ ಗಂಡನ ಕೈಯಲ್ಲಿ. ಮರುಕಾಯಿಸುವ ಗೂಡಿಗೆ ಒಯ್ದು ಬಾಯಿಯನ್ನು ಮೆತ್ತಗೆ ಮಾಡಿ ಮತ್ತೆ ಬೆಂಚಿಗೆ ಕೊಡುತ್ತಾರೆ. ಆಕೆ ಇಕ್ಕಳದ ತುದಿಯಿಂದ ಬಾಯಿ ಅರಳಿಸುತ್ತಾರೆ. ಹಿಡಿಕೆ ಬೇಕಿದ್ದರೆ ಗಂಡ ಇನ್ನೊಂದು ಬಿಸಿ ತುಣುಕು ತಂದು ಇಳಿಬಿಡುತ್ತಾರೆ, ಆಕೆ ಕತ್ತರಿಸಿ ಬಗ್ಗಿಸುತ್ತಾರೆ. ಕೊನೆಗೆ ಪಂಟಿಗೊಂದು ಏಟು. ಹೂಜಿ ಬೆಂಕಿ ತಡೆಯುವ ಕೈಗವಸಿಗೆ ಜಾರಿ, ಅಲ್ಲಿಂದ ತಣಿಸುವ ಗೂಡಿಗೆ ಹೋಗುತ್ತದೆ. ಹೊರಗೆ ಹೆಚ್ಚು ಹೊತ್ತು ಇಟ್ಟುಕೊಂಡರೆ ಕೈಯಲ್ಲೇ ಸೀಳುತ್ತದೆ.

ಇದರಲ್ಲಿ ಎಲ್ಲಿಯೂ ವಾದಕ್ಕೆ ಸಮಯವಿಲ್ಲ ಎಂಬುದನ್ನು ಗಮನಿಸಿ. ಬೆಂಚಿನ ಮೇಲೆ ಕೂತವರ ಮಾತೇ ಆ ಪಾತ್ರೆ ಮುಗಿಯುವವರೆಗೆ ಕೊನೆಯ ಮಾತು. ನನ್ನ ಖಚಿತ ಅಭಿಪ್ರಾಯ: ಬೆಂಚು ಯಾವಾಗಲೂ ಗಂಡನದು, ಬಾಗಿಲು ತೆಗೆಯುವುದು ಯಾವಾಗಲೂ ಹೆಂಡತಿಯದು ಎಂಬ ಏರ್ಪಾಡಿನಲ್ಲಿ ಸ್ಟುಡಿಯೊ ಬೆಳೆಯುವುದಿಲ್ಲ. ಎರಡೂ ಜಾಗದ ಕಷ್ಟ ಇಬ್ಬರಿಗೂ ಗೊತ್ತಿರಬೇಕು. ಬೆಳಿಗ್ಗೆ ಒಬ್ಬರ ಬೆಂಚು, ಮಧ್ಯಾಹ್ನ ಇನ್ನೊಬ್ಬರದು. ಏನು ತಪ್ಪಾಯಿತು ಎಂಬ ಮಾತು ಪಾತ್ರೆ ಗೂಡಿಗೆ ಹೋದ ಮೇಲೆ. ಕರೆಯುವ ಶಬ್ದಗಳನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಗೂಡಿನ ಭೋರ್ಗರೆತದಲ್ಲಿ ಒಂದರಂತೆ ಇನ್ನೊಂದು ಕೇಳಿಸುವ ಎರಡು ಮಾತು ಇಟ್ಟುಕೊಂಡರೆ ಪಾತ್ರೆ ಉಳಿಯುವುದಿಲ್ಲ.

ಕೆಲಸ ಹಂಚಿಕೊಳ್ಳಲು ಇನ್ನೊಂದು ದಾರಿ ತೋರಿದವರು ಚೆಕ್ ದೇಶದ ಸ್ತಾನಿಸ್ಲಾವ್ ಲಿಬೆನ್ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೊವಾ. 1950ರ ದಶಕದ ನಡುವಿನಲ್ಲಿ ಜೆಲೆಜ್ನಿ ಬ್ರೋದ್ ಎಂಬ ಊರಿನಲ್ಲಿ ಇಬ್ಬರೂ ಜೊತೆಗೆ ಕೆಲಸ ಶುರು ಮಾಡಿದರು, 1963ರಲ್ಲಿ ಮದುವೆಯಾದರು. ಅವರದು ಊದಿದ ಗಾಜಲ್ಲ, ಅಚ್ಚಿನಲ್ಲಿ ಕರಗಿಸಿ ಎರಕ ಹೊಯ್ದ ಗಾಜು. ಆತ ಕಾಗದದ ಮೇಲೆ ಬರೆಯುತ್ತಿದ್ದ, ಆಕೆ ಅದನ್ನು ಜೇಡಿಮಣ್ಣಿನಲ್ಲಿ ಮೂರು ಆಯಾಮಕ್ಕೆ ತರುತ್ತಿದ್ದಳು. ಚಿತ್ರದಲ್ಲಿ ಇಲ್ಲದ ದಪ್ಪ, ಆಳ, ಬೆಳಕು ಹಾಯುವ ದಾರಿ ಎಲ್ಲವೂ ಆಕೆಯ ಕೈಯಲ್ಲಿ ನಿರ್ಧಾರವಾಗುತ್ತಿದ್ದವು. ಕೃತಿಗಳ ಮೇಲೆ ಎರಡೂ ಹೆಸರು. ಆತ 2002ರಲ್ಲಿ ತೀರಿಕೊಳ್ಳುವವರೆಗೂ ಆ ಜೊತೆ ಮುಂದುವರಿಯಿತು. ನಮ್ಮಲ್ಲಿ ಮನೆಯ ಕಸುಬಿನಲ್ಲಿ ಹೆಂಗಸಿನ ಅರ್ಧ ದುಡಿಮೆ ಹೆಸರಿಲ್ಲದೆ ಹೋಗುವುದು ಹೆಚ್ಚು. ಫಿರೋಜಾಬಾದಿನಲ್ಲಿ ಬಳೆಯ ಎರಡು ತುದಿಗಳನ್ನು ಮನೆಯಲ್ಲಿ ಕೂತು ಉರಿಯ ಮೇಲೆ ಬೆಸೆಯುವ ಹೆಂಗಸರ ಹೆಸರು ಯಾವ ಡಬ್ಬಿಯ ಮೇಲೂ ಇರುವುದಿಲ್ಲ. ಹೊಸದಾಗಿ ಶುರು ಮಾಡುವವರು ಮೊದಲ ಪಾತ್ರೆಯ ತಳದಲ್ಲೇ ಎರಡೂ ಹೆಸರು ಕೆತ್ತಬೇಕು.

ತಣಿಸುವ ಗೂಡಿನ ಕೆಲಸಕ್ಕೆ ಅನೀಲಿಂಗ್ ಎನ್ನುತ್ತಾರೆ. ಗಾಜಿನ ಹೊರಮೈ ಬೇಗ ತಣಿದು ಗಟ್ಟಿಯಾಗುತ್ತದೆ, ಒಳಮೈ ತಡವಾಗಿ ಕುಗ್ಗುತ್ತ ಹೊರಮೈಯನ್ನು ಎಳೆಯುತ್ತದೆ. ಆ ಎಳೆತ ಒಳಗೇ ಉಳಿದರೆ ಪಾತ್ರೆ ಒಂದು ದಿನ ಯಾರೂ ಮುಟ್ಟದೆಯೂ ಒಡೆಯುತ್ತದೆ. ಅದಕ್ಕೆ 480–510 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಎಲ್ಲ ಕಡೆ ಬಿಸಿ ಸಮವಾದ ಮೇಲೆ ಗಂಟೆಗೆ 50–60 ಡಿಗ್ರಿಯಂತೆ 370ರವರೆಗೆ ಇಳಿಸಿ, ಆಮೇಲೆ ಗೂಡು ತಾನಾಗಿ ತಣಿಯಲು ಬಿಡಬೇಕು. ಇದು ಬೆರಳಿಗಿಂತ ತೆಳ್ಳಗಿನ ಪಾತ್ರೆಯ ಲೆಕ್ಕ. ದಪ್ಪ ಎರಡರಷ್ಟಾದರೆ ಸಮಯ ನಾಲ್ಕರಷ್ಟು ಬೇಕು. ಡಿಜಿಟಲ್ ನಿಯಂತ್ರಕ ಇಟ್ಟುಕೊಂಡರೆ ರಾತ್ರಿ ಅದೇ ಇಳಿಸುತ್ತದೆ. ಎಳೆತ ಉಳಿದಿದೆಯೇ ಎಂದು ನೋಡಲು ಎರಡು ಪೋಲರಾಯ್ಡ್ ಹಾಳೆ ಸಾಕು. ಒಂದರ ಹಿಂದೆ ಬೆಳಕು ಇಟ್ಟು, ಎರಡನ್ನೂ ಬೆಳಕು ಪೂರ್ತಿ ಕಪ್ಪಾಗುವಂತೆ ತಿರುಗಿಸಿ, ನಡುವೆ ಪಾತ್ರೆ ಹಿಡಿಯಿರಿ. ಪಾತ್ರೆಯೊಳಗೆ ಬೆಳಕಿನ ಪಟ್ಟೆಗಳು ಹೊಳೆದರೆ ಅದು ಮಾರಲು ಯೋಗ್ಯವಲ್ಲ, ಮತ್ತೆ ಗೂಡಿಗೆ ಹೋಗಬೇಕು.

ಬಣ್ಣದ ವಿಷಯ ಚಿಕ್ಕದಾಗಿ. ಕೋಬಾಲ್ಟ್ ಹಾಕಿದರೆ ನೀಲಿ, ಕಬ್ಬಿಣ ಹಾಕಿದರೆ ಹಸಿರು, ಮ್ಯಾಂಗನೀಸಿನಿಂದ ನೇರಳೆ, ಹೊಗೆಯ ಉರಿಯಲ್ಲಿ ತಾಮ್ರದಿಂದ ಕೆಂಪು. ಎಲ್ಲಕ್ಕಿಂತ ಸುಂದರವಾದ ಮಾಣಿಕ್ಯದ ಕೆಂಪು ಬರುವುದು ಚಿನ್ನದಿಂದ. ತೀರ ಕಡಿಮೆ ಪ್ರಮಾಣದ ಚಿನ್ನ ಕರಗಿದ ಗಾಜು ಮೊದಲು ಬಣ್ಣವಿಲ್ಲದೆ ಕಾಣುತ್ತದೆ. ಮತ್ತೆ ಬಿಸಿ ಮಾಡಿದಾಗ ಚಿನ್ನದ ಅತಿಸೂಕ್ಷ್ಮ ಕಣಗಳು ಬೆಳೆದು ಗಾಜು ಕಣ್ಣೆದುರೇ ಕೆಂಪೇರುತ್ತದೆ. ಹಟ್ಟಿ ಮತ್ತು ದೇವದುರ್ಗ ತಾಲ್ಲೂಕಿನ ಊಟಿ ಗಣಿ ಎರಡೂ ಇರುವ ಜಿಲ್ಲೆಯ ಸ್ಟುಡಿಯೊ ತನ್ನ ಗುರುತಿನ ಬಣ್ಣವಾಗಿ ಚಿನ್ನದ ಕೆಂಪನ್ನು ಆರಿಸಿಕೊಂಡರೆ ಗಿರಾಕಿಗೆ ಹೇಳಲು ನಿಜವಾದ ಕಥೆ ಸಿಗುತ್ತದೆ. ಬಣ್ಣವನ್ನು ಕಡ್ಡಿಯ ರೂಪದಲ್ಲಿ ಕೊಂಡು ಬಳಸಿ, ಪುಡಿ ಬೆರೆಸುವ ಕೆಲಸಕ್ಕೆ ಹೋಗಬೇಡಿ.

ಪುಡಿ ಎಂದರೆ ಅಪಾಯ. ಸಿಲಿಕಾದ ನವಿರು ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ವಾಸಿ ಇಲ್ಲ. ಗಾಜು ತುಂಬಿಸುವಾಗ, ಕುಲುಮೆಯ ಇಟ್ಟಿಗೆ, ಸೆರಾಮಿಕ್ ಕಂಬಳಿ ಕತ್ತರಿಸುವಾಗ ಎನ್95 ಮಾಸ್ಕ್ ಕಡ್ಡಾಯ, ಕಸಬರಿಗೆ ಬದಲು ಒದ್ದೆ ಬಟ್ಟೆ. ಕುಲುಮೆಯ ಬಾಯಿಯನ್ನು ವರ್ಷಗಟ್ಟಲೆ ಬರಿಗಣ್ಣಿನಲ್ಲಿ ನೋಡಿದವರಿಗೆ ಪೊರೆ ಬರುವುದು ಹಳೆಯ ವೈದ್ಯ ಪುಸ್ತಕಗಳಲ್ಲೇ ದಾಖಲಾಗಿದೆ. ಅವರಕ್ತ ಕಿರಣ ತಡೆಯುವ ಕನ್ನಡಕ ಹಾಕಬೇಕು. ಸಿಂಥೆಟಿಕ್ ಬಟ್ಟೆ ಬಿಸಿಗೆ ಕರಗಿ ಮೈಗೆ ಅಂಟುತ್ತದೆ, ಹತ್ತಿಯ ತುಂಬುತೋಳು ಇರಲಿ. ಸೆರಗು, ದುಪಟ್ಟ ಬೇಡ. ಕುಲುಮೆಯ ಮುಂದೆ ಚಿನ್ನ, ಬೆಳ್ಳಿ ಬೇಗ ಕಾಯುತ್ತವೆ, ಆದ್ದರಿಂದ ಬಳೆ, ಉಂಗುರ ತೆಗೆದಿಟ್ಟು, ತಾಳಿಯನ್ನು ಬಟ್ಟೆಯ ಒಳಗೆ ಸೇರಿಸಿಕೊಳ್ಳಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಸಿಲಿಂಡರುಗಳನ್ನು ಶೆಡ್ಡಿನ ಹೊರಗೆ ನೆರಳಿನಲ್ಲಿಡಿ, ಗೋಡೆಯ ಬುಡದಲ್ಲೂ ಗಾಳಿಗಿಂಡಿ ಬಿಡಿ. ಮನೆಯ 14.2 ಕಿಲೊ ಸಿಲಿಂಡರನ್ನು ಕಸುಬಿಗೆ ಬಳಸುವುದು ಕಾನೂನಿಗೆ ವಿರುದ್ಧ, 19 ಕಿಲೊದ ವಾಣಿಜ್ಯ ಸಿಲಿಂಡರೇ ಬೇಕು.

ಇಷ್ಟೆಲ್ಲ ಓದಿ ಎದೆ ಝಲ್ಲೆಂದರೆ, ಚಿಕ್ಕ ಬಾಗಿಲೊಂದಿದೆ. ಅದು ದೀಪದ ಕೆಲಸ. ಮೇಜಿಗೆ ಕಚ್ಚಿದ ಪುಟ್ಟ ಟಾರ್ಚ್, ಗ್ಯಾಸ್ ಮತ್ತು ಆಮ್ಲಜನಕದ ಉರಿ, ಬೋರೊಸಿಲಿಕೇಟ್ ಗಾಜಿನ ಕಡ್ಡಿ ಮತ್ತು ಕೊಳವೆ. ಬಿಸಿಗೆ ಈ ಗಾಜು ಹಿಗ್ಗುವುದು ಮಾಮೂಲಿ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ, ಆದ್ದರಿಂದ ಕಲಿಯುವವರ ತಪ್ಪುಗಳನ್ನು ಸಹಿಸುತ್ತದೆ. ಕೆಲಸ ಮುಗಿದರೆ ಉರಿ ಆರಿಸಿ ಮಲಗಬಹುದು. ಮಣಿ, ಓಲೆ, ಅತ್ತರಿನ ಕುಪ್ಪಿ, ಸಣ್ಣ ಹೂದಾನಿ ಎಲ್ಲ ಆಗುತ್ತದೆ. ಪ್ರಯೋಗಾಲಯಗಳಿಗೆ ಉಪಕರಣ ಮಾಡುವ ಗಾಜು ಊದುವವರೂ ಇದೇ ಉರಿಯಲ್ಲಿ ಕೆಲಸ ಮಾಡುವವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಆ ಕೈಗಳಿವೆ. ಕ್ರಮವಾಗಿ ಕಲಿಯಲು ಫಿರೋಜಾಬಾದಿನ ಗಾಜು ಉದ್ಯಮ ಅಭಿವೃದ್ಧಿ ಕೇಂದ್ರ ಇದೆ. ಎರಡು ವರ್ಷ ಉರಿಯ ಮುಂದೆ ಕೂತು, ಗಿರಾಕಿ ಕಟ್ಟಿಕೊಂಡು, ಆಮೇಲೆ ಕುಲುಮೆ ಹಾಕುವುದೇ ಜಾಣತನ ಎಂದು ನನಗೆ ತೋರುತ್ತದೆ.

ದುಡ್ಡಿನ ವಿಷಯದಲ್ಲಿ ದಂಪತಿಗೆ ತಿಳಿದಿರಬೇಕಾದ ಎರಡು ಸಂಗತಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾಜಿನ ಕೆಲಸ ಇಲ್ಲ. ಹಾಗಾಗಿ ನೋಡಬೇಕಾದದ್ದು ಸಾಲ, ಸಹಾಯಧನ ಕೊಡುವ ಪಿಎಂಇಜಿಪಿ ಯೋಜನೆ. 2025–26ರವರೆಗಿನ ಅದರ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಾಲ ಸಿಗುತ್ತದೆ. ರಾಯಚೂರು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿರುವುದರಿಂದ ಇಲ್ಲಿಯ ಅರ್ಜಿದಾರರು ವಿಶೇಷ ವರ್ಗಕ್ಕೆ ಸೇರುತ್ತಾರೆ: ಗ್ರಾಮೀಣ ಪ್ರದೇಶದಲ್ಲಿ ಶೇ 35, ಪಟ್ಟಣದಲ್ಲಿ ಶೇ 25 ಸಹಾಯಧನ, ಕೈಯಿಂದ ಹಾಕಬೇಕಾದ್ದು ಶೇ 5. ಆದರೆ ಒಂದು ಕುಟುಂಬಕ್ಕೆ ಒಂದೇ ಅರ್ಜಿ, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದೇ ಕುಟುಂಬ ಎಂದು ಲೆಕ್ಕ. ಒಬ್ಬರ ಹೆಸರಿನಲ್ಲಿ ಸಾಲ ಬಂದರೆ ಇನ್ನೊಬ್ಬರ ಪಾಲು ಎಲ್ಲಿ ಬರೆದಿದೆ ಎಂಬುದನ್ನು ಇಬ್ಬರೂ ಕೂತು ಕಾಗದದ ಮೇಲೆ ತರಬೇಕು. ಆಗಾಗ ಬದಲಾಗುವ ನಿಯಮಗಳಿವು, ಅರ್ಜಿಗೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಮಾನ್ವಿ ಅಥವಾ ದೇವದುರ್ಗ ಪಟ್ಟಣದ ಒಳಗಡೆಗಿಂತ ಹತ್ತಿರದ ಹಳ್ಳಿಯಲ್ಲಿ ಶೆಡ್ ಹಾಕಿದರೆ ಸಹಾಯಧನವೂ ಹೆಚ್ಚು, ಬೆಂಕಿಗೆ ಜಾಗವೂ ಹೆಚ್ಚು.

ಮಾರಾಟಕ್ಕೆ ರಾಯಚೂರಿನ ದೊಡ್ಡ ಅನುಕೂಲ ರೈಲು. ಮುಂಬೈ–ಚೆನ್ನೈ ಮಾರ್ಗದ ಮೇಲಿರುವ ಊರು, ಹೈದರಾಬಾದ್ ಕೂಡ ದೂರವಿಲ್ಲ. ಹೋಟೆಲು, ಮದುವೆ ಮಂಟಪದವರು, ಮನೆ ಒಳಾಂಗಣ ಮಾಡುವವರು ಒಂದೇ ಅಳತೆಯ ಹತ್ತಾರು ದೀಪದ ಗೋಳಗಳನ್ನು ಕೇಳುತ್ತಾರೆ. ಬಿಡಿ ಹೂಜಿಗಿಂತ ಕುಲುಮೆಯ ಬಿಲ್ಲು ಕಟ್ಟುವುದು ಇಂಥ ಆರ್ಡರುಗಳೇ. ಒಂದೇ ಅಳತೆ ಬರಬೇಕಾದರೆ ಮರದ ಅಥವಾ ಲೋಹದ ಅಚ್ಚಿನೊಳಗೆ ಊದಬೇಕು. ದೇವದುರ್ಗ, ಮಾನ್ವಿಯ ಬಡಿಗರಿಗೆ ಅಳತೆ ಕೊಟ್ಟರೆ ಕಟ್ಟಿಗೆಯ ಅಚ್ಚು ಮಾಡಿಕೊಡಬಲ್ಲರು. ಬಳಸುವ ಮುಂಚೆ ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿರಬೇಕು, ಇಲ್ಲದಿದ್ದರೆ ಹೊತ್ತಿಕೊಳ್ಳುತ್ತದೆ.

ಕೊನೆಯದಾಗಿ ಕಾಲ. ಮೇ ತಿಂಗಳಲ್ಲಿ ರಾಯಚೂರಿನ ಹೊರಗಿನ ಬಿಸಿಲೇ 42 ಡಿಗ್ರಿ ದಾಟುತ್ತದೆ. ಅಂಥ ದಿನ 1,200 ಡಿಗ್ರಿಯ ಗೂಡಿನ ಮುಂದೆ ನಿಲ್ಲುವುದು ಜೀವಕ್ಕೇ ಕುತ್ತು, ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಕುಡಿದರೂ ಸಾಲದು. ಆದ್ದರಿಂದ ಈ ಸೀಮೆಯ ಸ್ಟುಡಿಯೊ ದಸರೆಯ ಹೊತ್ತಿಗೆ ಕುಲುಮೆ ಹಚ್ಚಿ ಶಿವರಾತ್ರಿ ಕಳೆದ ಮೇಲೆ ಆರಿಸುವ ಲೆಕ್ಕ ಹಾಕಿಕೊಳ್ಳಬೇಕು. ಆರಿಸುವ ಮುಂಚೆ ಮೂಸೆಯ ಗಾಜನ್ನೆಲ್ಲ ಬಸಿದು ತೆಗೆದು, ಕುಲುಮೆಯನ್ನು ಕೆಲವು ದಿನಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಹಚ್ಚುವಾಗಲೂ ಹಾಗೆಯೇ ಹಂತಹಂತವಾಗಿ ಏರಿಸಬೇಕು. ಬೇಸಿಗೆಯ ತಿಂಗಳುಗಳು ತಣ್ಣನೆಯ ಕೆಲಸಕ್ಕೆ: ಪಂಟಿಯ ಗುರುತು ಉಳಿದ ತಳಗಳನ್ನು ನೀರು ಹರಿಸಿಕೊಂಡು ಸಾಣೆ ಹಿಡಿಯುವುದು, ಕೆತ್ತುವುದು, ಸೀಳಿದ ಇಟ್ಟಿಗೆ ಬದಲಿಸುವುದು, ಮೂಸೆಯನ್ನು ಬೆರಳಿನಿಂದ ತಟ್ಟಿ ನೋಡುವುದು. ಖಣ್ ಎಂದರೆ ಮುಂದಿನ ಹಂಗಾಮಿಗೂ ಬರುತ್ತದೆ, ಮಂದವಾಗಿ ದಪ್ ಎಂದರೆ ಮಳೆಗಾಲ ಮುಗಿಯುವುದರೊಳಗೆ ಹೊಸ ಮೂಸೆಗೆ ಆರ್ಡರು ಕೊಡಬೇಕು.